ಹುಳಿ ಬ್ರೆಡ್ಡು ಸುಟ್ಟು ಊರಿಗೆಲ್ಲ ಸುದ್ದಿಯಾಗುವ ವಿಧಾನ

ಮೊದಲು ಹೆಸರಿಟ್ಟುಕೊಳ್ಳಿ. ಹಿಟ್ಟು ಆಮೇಲೆ ತಂದರಾಯಿತು. ಸವರ್‌ಡೋ, ಅಂದರೆ ಪ್ಯಾಕೆಟ್ ಯೀಸ್ಟ್ ಇಲ್ಲದೆ ಹುಳಿಹಿಟ್ಟಿನಿಂದಲೇ ಉಬ್ಬಿಸುವ ಬ್ರೆಡ್ಡು, ಕೈಗೆ ಹತ್ತಲು ಬಹಳ ಕಾಲ ಹಿಡಿಯುತ್ತದೆ. ಅದನ್ನು ಚೆನ್ನಾಗಿ ಕಲಿತು ಆಮೇಲೆ ವ್ಯಾಪಾರಕ್ಕೆ ಇಳಿಯೋಣ ಎನ್ನುವವರು ಜೀವಮಾನವೆಲ್ಲ ಕಲಿಯುತ್ತಲೇ ಇರುತ್ತಾರೆ. ಅವರ ಫೋಟೊ ಯಾವ ಭಾನುವಾರದ ಪುರವಣಿಯಲ್ಲೂ ಬರುವುದಿಲ್ಲ. ನಿಮಗೆ ಬೇಕಾದದ್ದು ಸುದ್ದಿ. ಸುದ್ದಿಯ ಫೋಟೊದಲ್ಲಿ ಕೈಯಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ, ಅದಕ್ಕೆ ಬ್ರೆಡ್ಡು. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಹೆಸರಿನಲ್ಲಿ ಮಣ್ಣು, ಬೇರು, ನಿಧಾನ, ಅಜ್ಜಿ, ಈ ನಾಲ್ಕರಲ್ಲಿ ಒಂದಾದರೂ ಇರಲಿ. ‘ಒರಿಜಿನಲ್’, ‘ಟ್ರೆಡಿಷನಲ್’, ‘ನ್ಯಾಚುರಲ್’ ಎಂಬ ಮಾತುಗಳನ್ನೂ ಧೈರ್ಯವಾಗಿ ಸೇರಿಸಿಕೊಳ್ಳಿ. ಕಾನೂನು ನಿಮ್ಮ ಕಡೆಗಿದೆ. ಆಹಾರದ ಜಾಹೀರಾತಿಗೆಂದು 2018ರಲ್ಲಿ ಬಂದ ನಿಯಮಗಳನ್ನು ಓದಿ. ಬ್ರಾಂಡಿನ ಹೆಸರಿನಲ್ಲಿರುವ ಇಂಥ ಪದ ಕೊಳ್ಳುವವರ ದಾರಿ ತಪ್ಪಿಸುವಂತಿದ್ದರೆ, ‘ಇದು ಬ್ರಾಂಡಿನ ಹೆಸರು ಮಾತ್ರ, ಪದಾರ್ಥದ ನಿಜ ಸ್ವರೂಪವನ್ನು ಸೂಚಿಸುವುದಿಲ್ಲ’ ಎಂಬರ್ಥದ ಸಾಲೊಂದನ್ನು ಲೇಬಲ್ಲಿನಲ್ಲಿ ಕನಿಷ್ಠ 3 ಮಿಲಿಮೀಟರ್ ಅಕ್ಷರದಲ್ಲಿ ಹಾಕಬೇಕು ಎನ್ನುತ್ತವೆ ಅವು. ಹಾಕಿ. ಮುಂದುಗಡೆ ಹೆಸರು 3 ಸೆಂಟಿಮೀಟರ್ ಇರಲಿ, ಈ ಸಾಲು ಪೊಟ್ಟಣದ ತಳದಲ್ಲಿ, ಜಿಡ್ಡು ಹತ್ತುವ ಜಾಗದಲ್ಲಿ ಇರಲಿ. ಸತ್ಯವನ್ನೂ ಹೇಳಿದಂತಾಯಿತು, ವ್ಯಾಪಾರವೂ ಕೆಡಲಿಲ್ಲ.

ಎಫ್‌ಎಸ್‌ಎಸ್‌ಎಐ ನೋಂದಣಿಯೊಂದನ್ನು ಮಾತ್ರ ನಿಜವಾಗಿಯೇ ಮಾಡಿಸಿ. ಆನ್‌ಲೈನಿನಲ್ಲಿ ಮುಗಿಯುತ್ತದೆ, 14 ಅಂಕಿಗಳ ಸಂಖ್ಯೆ ಕೊಡುತ್ತಾರೆ. ಅದನ್ನು ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿ, ‘ಕೇಂದ್ರದ ಮಾನ್ಯತೆ ಪಡೆದ ಬೇಕರಿ’ ಎಂದು ಬರೆದುಕೊಳ್ಳಿ. ತಳ್ಳುಗಾಡಿಯಲ್ಲಿ ಪಾನಿಪುರಿ ಮಾರುವವರೂ ಮಾಡಿಸಬೇಕಾದದ್ದು ಅದೇ ನೋಂದಣಿಯನ್ನೇ ಅಲ್ಲವೇ ಎಂದು ಇದುವರೆಗೆ ಯಾರೂ ಕೇಳಿಲ್ಲ, ಇನ್ನು ಮುಂದೆಯೂ ಕೇಳುವುದಿಲ್ಲ.

ಈಗ ಸ್ಟಾರ್ಟರ್. ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ 50 ಗ್ರಾಂ ಗೋಧಿ ಹಿಟ್ಟು, 50 ಗ್ರಾಂ ನೀರು ಕಲಸಿಡಿ. ಹಿಟ್ಟಿನಲ್ಲೇ ಇರುವ ಕಾಡು ಯೀಸ್ಟೂ ಲ್ಯಾಕ್ಟಿಕ್ ಆಮ್ಲ ಹುಟ್ಟಿಸುವ ಬ್ಯಾಕ್ಟೀರಿಯಾಗಳೂ ಉಳಿದ ಕೆಲಸ ನೋಡಿಕೊಳ್ಳುತ್ತವೆ. ದಿನಾ ಅರ್ಧ ಚೆಲ್ಲಿ, ಚೆಲ್ಲಿದಷ್ಟೇ ಹೊಸ ಹಿಟ್ಟು ನೀರು ಹಾಕಿ. ಎರಡನೆಯ ದಿನವೋ ಮೂರನೆಯ ದಿನವೋ ಜಾಡಿ ಉಕ್ಕಿ ಮುಚ್ಚಳ ಎತ್ತುತ್ತದೆ. ಅಷ್ಟು ಗಲಾಟೆ ಮಾಡುವುದು ಯೀಸ್ಟ್ ಅಲ್ಲ, ಹುಳಿ ಏರುವ ಮೊದಲು ಬಂದು ಸೇರಿಕೊಂಡ ಬೇರೆ ಬ್ಯಾಕ್ಟೀರಿಯಾಗಳು. ಹುಳಿ ಏರಿದಂತೆ ಅವು ಅಡಗುತ್ತವೆ, ಜಾಡಿ ಹಲವು ದಿನ ಸತ್ತಂತೆ ಮಲಗುತ್ತದೆ, ಯೀಸ್ಟ್ ಮೇಲೆದ್ದು ಬರುವುದು ಅದಾದ ಮೇಲೆ. ಸಂಕೋಚದ ಜನ ಇದಕ್ಕಾಗಿ ಎರಡು ವಾರ ಕಾಯುತ್ತಾರೆ. ನೀವು ಮೂರನೆಯ ದಿನ ಬೆಳಗ್ಗೆಯೇ ಜಾಡಿಗೊಂದು ರಬ್ಬರ್ ಬ್ಯಾಂಡ್ ಹಾಕಿ, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದು, ‘ಜೀವ ಬಂತು’ ಎಂದು ಇನ್‌ಸ್ಟಾಗ್ರಾಮಿಗೆ ಹಾಕಿ. ಮುಂಗಡ ಆರ್ಡರ್ ಅವತ್ತೇ ತೆಗೆದುಕೊಳ್ಳಿ. ಮೂರನೆಯ ದಿನದ ಜಾಡಿ ವಾಂತಿಯ ವಾಸನೆ ಹೊಡೆಯುತ್ತದೆ ನಿಜ. ಫೋಟೊದಲ್ಲಿ ವಾಸನೆ ಬರುವುದಿಲ್ಲ.

ಜಾಡಿಗೆ ಮನುಷ್ಯರ ಹೆಸರಿಡಿ. ಪರದೇಶದವರೆಲ್ಲ ಇಡುತ್ತಾರೆ, ಗಿರಾಕಿಗಳಿಗೆ ಇದು ಬಹಳ ಹಿಡಿಸುತ್ತದೆ. ಗುಂಡಣ್ಣ, ಪುಟ್ಟಕ್ಕ, ಏನಾದರೂ ಆದೀತು. ಅತ್ತೆಯವರ ಹೆಸರು ಮಾತ್ರ ಬೇಡ. ‘ಇವತ್ತೂ ಅರ್ಧ ಚೆಲ್ಲಿದೆ’ ಎಂದು ದಿನವೂ ಮನೆಯಲ್ಲಿ ಜೋರಾಗಿ ಹೇಳಬೇಕಾಗುತ್ತದೆ.

ವಯಸ್ಸಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಸ್ಯಾನ್ ಫ್ರಾನ್ಸಿಸ್ಕೊದ ಬೌಡಿನ್ ಬೇಕರಿ 1849ರಲ್ಲಿ ಶುರುವಾದದ್ದು. ಅಂದಿನ ಹುಳಿಹಿಟ್ಟಿನ ಸಂತತಿಯನ್ನೇ ಇಂದಿಗೂ ಸಾಕಿಕೊಂಡು ಬಂದಿದ್ದೇವೆ ಎಂದು ಹೇಳಿಕೊಳ್ಳುತ್ತದೆ. ಹುಳಿಹಿಟ್ಟಿನ ಒಂದು ಬ್ಯಾಕ್ಟೀರಿಯಾಕ್ಕೆ ವಿಜ್ಞಾನಿಗಳು ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಬೆಲ್ಜಿಯಮ್ಮಿನ ಸೇಂಟ್ ವಿತ್ ಎಂಬಲ್ಲಿ ಲೋಕದ ಹುಳಿಹಿಟ್ಟುಗಳನ್ನೆಲ್ಲ ತಂದು ಜಾಡಿಗಳಲ್ಲಿ ಜೋಡಿಸಿಟ್ಟ ಗ್ರಂಥಾಲಯವೇ ಇದೆ. ಇಂಥವರ ಎದುರು ನಿಮ್ಮ ಜಾಡಿಗೆ ಹನ್ನೊಂದು ದಿನ ಎಂದರೆ ಯಾರು ಬೆಲೆ ಕೊಡುತ್ತಾರೆ? ಭಾವಮೈದುನ ಅಮೆರಿಕದಿಂದ ಬರುವಾಗ ಸೂಟ್‌ಕೇಸಿನಲ್ಲಿ ಒಣಗಿಸಿದ ಚೂರು ತಂದ, ಅದು ಚಿನ್ನ ಅಗೆಯಲು ಹೋದವರ ಕಾಲದ್ದು ಎನ್ನಿ. 2021ರಲ್ಲಿ ಸಂಶೋಧಕರು ಹಲವು ದೇಶಗಳ 500 ಸ್ಟಾರ್ಟರುಗಳನ್ನು ಪರೀಕ್ಷೆಗೆ ಒಡ್ಡಿ, ಯಾವುದರಲ್ಲಿ ಯಾವ ಜೀವಿ ಇದೆ ಎಂಬುದಕ್ಕೂ ಅದು ಯಾವ ಊರಿನದು ಎಂಬುದಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ ಎಂದು ಬರೆದಿದ್ದಾರೆ. ಆ ಪ್ರಬಂಧವನ್ನು ಓದಿಕೊಂಡಿರಿ, ಓದಿದ್ದೀರೆಂದು ಯಾರಿಗೂ ಹೇಳಬೇಡಿ.

ನಮ್ಮ ನಾಡಿನಲ್ಲಿ ಈ ಉದ್ಯಮಕ್ಕೆ ಒಂದು ವಿಶೇಷ ತೊಡಕಿದೆ. ನಮ್ಮಲ್ಲಿ ಬ್ರೆಡ್ಡು ಜ್ವರ ಬಂದವರ ಆಹಾರ. ಆಸ್ಪತ್ರೆಗೆ ನೋಡಲು ಹೋಗುವವರು ಒಂದು ಕೈಯಲ್ಲಿ ಮೂಸಂಬಿ, ಇನ್ನೊಂದರಲ್ಲಿ ಬ್ರೆಡ್ಡು ಹಿಡಿದು ಹೋಗುತ್ತಾರೆ; ಅದನ್ನು ಹಾಲಿನಲ್ಲಿ ಅದ್ದಿ ತಿನ್ನಿಸುತ್ತಾರೆ. ನಿಮ್ಮ ಬ್ರೆಡ್ಡಿನ ಸಿಪ್ಪೆ ಹಾಲಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಜಗ್ಗುವುದಿಲ್ಲ. ಆದ್ದರಿಂದ ಐವತ್ತು ದಾಟಿದವರ ಮುಂದೆ ‘ಬ್ರೆಡ್ಡು’ ಎನ್ನಲೇಬೇಡಿ, ‘ಲೋಫ್’ ಎನ್ನಿ. ‘ಯಾರಿಗಮ್ಮಾ ಹುಷಾರಿಲ್ಲ?’ ಎಂಬ ಪ್ರಶ್ನೆ ಅಲ್ಲಿಗೆ ನಿಲ್ಲುತ್ತದೆ.

ಅಯ್ಯಂಗಾರ್ ಬೇಕರಿಯ ಮಾತು ಬಂದಾಗ ಎಚ್ಚರ. ಬರುತ್ತದೆ, ಬಂದೇ ಬರುತ್ತದೆ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಎಂಬುವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದ ಕಾಲದಿಂದ ಇಂದಿನವರೆಗೆ ಆ ಪರಂಪರೆಯವರು ಬನ್ನು, ಬೆಣ್ಣೆ ಬಿಸ್ಕತ್ತು, ಖಾರಾ ಬನ್ನು, ಪಲ್ಯ ತುಂಬಿದ ಬನ್ನು ಮಾಡುತ್ತ ಬಂದಿದ್ದಾರೆ. ಸಂಜೆ ನಾಲ್ಕಕ್ಕೆ ಬಿಸಿಯಾಗಿ ಬಂದದ್ದು ಆರಕ್ಕೆ ಖಾಲಿ. ಇಷ್ಟೆಲ್ಲ ಮಾಡಿಯೂ ‘ನನ್ನ ಪಯಣ’ ಎಂದು ಬರೆದುಕೊಂಡ ಒಬ್ಬ ಬೇಕರಿಯವರನ್ನು ತೋರಿಸಿ ನೋಡೋಣ. ನಿಮ್ಮ ದಾರಿ ಖಾಲಿ ಬಿದ್ದಿದೆ. ಯಾರಾದರೂ ‘ಅಲ್ಲಿ ಅರ್ಧ ಕೆಜಿ ಬ್ರೆಡ್ಡು ಐವತ್ತು ರೂಪಾಯಿಗೆ ಸಿಗುತ್ತೆ, ನಿಮ್ಮದು ಮುನ್ನೂರೈವತ್ತಾ?’ ಎಂದರೆ ಕೋಪಿಸಿಕೊಳ್ಳಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಬೇರೆ, ಇದು ಬೇರೆ’ ಎನ್ನಿ. ಕೇಳಿದವರಿಗೆ ತಮ್ಮ ಹೊಟ್ಟೆಯ ಬಗ್ಗೆಯೇ ಅನುಮಾನ ಹುಟ್ಟಬೇಕು.

ಸಲಕರಣೆಗಳನ್ನು ಒಂದೂ ಬಿಡದೆ ಕೊಳ್ಳಿ. ಬೆತ್ತದ ಬುಟ್ಟಿ, ಅದಕ್ಕೆ ಬ್ಯಾನೆಟನ್ ಎನ್ನುತ್ತಾರೆ. ಬ್ರೆಡ್ಡಿನ ಮೇಲೆ ಗೀರಲು ಲಾಮ್ ಎಂಬ ಫ್ರೆಂಚ್ ಸಲಕರಣೆ. ಬಿಚ್ಚಿ ನೋಡಿದರೆ ಒಳಗೆ ಕ್ಷೌರದ ಬ್ಲೇಡೇ ಇರುತ್ತದೆ, ಆದ್ದರಿಂದ ಬಿಚ್ಚಬೇಡಿ. ಐದಾರು ಕೆಜಿ ತೂಗುವ ಎರಕದ ಕಬ್ಬಿಣದ ಮುಚ್ಚಳದ ಪಾತ್ರೆ, ಡಚ್ ಅವನ್, ಅದೂ ಬೇಕು. ಅದು ನಿಮ್ಮ ಓಟಿಜಿಯೊಳಗೆ ಹಿಡಿಸುವುದಿಲ್ಲ. ಹಿಡಿಸುವುದಿಲ್ಲ ಎಂದು ಗೊತ್ತಿದ್ದೇ ಕೊಳ್ಳಿ, ಫೋಟೊದಲ್ಲಿ ಅದರ ಪಕ್ಕ ನಿಲ್ಲಬೇಕು. ಬಾಡಿಗೆ ಮನೆಯಾದರೆ ಓಟಿಜಿಯ ಪ್ಲಗ್ಗನ್ನು ಅಡುಗೆಮನೆಯ 6 ಆಂಪಿಯರ್ ಸಾಕೆಟ್ಟಿಗೆ ಮಲ್ಟಿಪ್ಲಗ್ ಮೂಲಕ ಚುಚ್ಚಿ, ಮಿಕ್ಸಿ, ಫ್ರಿಜ್ಜು ಅದರಲ್ಲೇ ಇರಲಿ. ಕರೆಂಟ್ ಟ್ರಿಪ್ ಆದಾಗಲೆಲ್ಲ ‘ಇವತ್ತು ಕ್ಯಾಂಡಲ್ ಬೆಳಕಿನಲ್ಲಿ ಹಿಟ್ಟು ನಾದಿದೆ’ ಎಂದು ಒಂದು ರೀಲ್ ಸಿಗುತ್ತದೆ.

ಮಾಡುವ ವಿಧಾನವನ್ನು ಪರದೇಶದ ಪುಸ್ತಕ ನೋಡಿ ಅಕ್ಷರಶಃ ಪಾಲಿಸಿ. ನೂರು ಪಾಲು ಹಿಟ್ಟಿಗೆ 75 ಪಾಲು ನೀರು ಎಂದಿದ್ದರೆ ಒಂದು ಹನಿಯೂ ಕಡಿಮೆ ಮಾಡಬೇಡಿ. ಅವರು ಬರೆದದ್ದು ಅಂಟು ಜಾಸ್ತಿ ಇರುವ ಅವರ ಗೋಧಿಗೆ. ದಿನಸಿ ಅಂಗಡಿಯ ನಿಮ್ಮ ಮೈದಾಕ್ಕೆ ಅಷ್ಟು ನೀರು ಹಿಡಿದಿಡುವ ಕಸುವಿಲ್ಲ, ಹರಿದುಹೋಗುತ್ತದೆ. ಚಕ್ಕಿಯಲ್ಲಿ ಬೀಸಿದ ಗೋಧಿ ಹಿಟ್ಟು ಇನ್ನೊಂದು ತೆರ. ಕಲ್ಲಿನಡಿ ಪಿಷ್ಟ ಜಜ್ಜಿಹೋಗಿರುವುದರಿಂದ ಮೊದಲು ನೀರೆಲ್ಲ ಹೀರಿಕೊಂಡು ಗಟ್ಟಿಯಾಗಿ ಕಾಣುತ್ತದೆ, ಹುದುಗು ಬರಬರುತ್ತ ಅಂಟಂಟಾಗಿ ಕೈ ಬಿಡುವುದೇ ಇಲ್ಲ. ಚಪಾತಿಗೆ ಹೇಳಿ ಮಾಡಿಸಿದ ಹಿಟ್ಟು ಅದು. ಎರಡನ್ನೂ ಅರ್ಧರ್ಧ ಬೆರೆಸಿ, ಎರಡರ ದೋಷವೂ ಸಿಗುತ್ತದೆ.

ಪುಸ್ತಕದವರು ಹಿಟ್ಟನ್ನು ನಾಲ್ಕೈದು ಗಂಟೆ ಹೊರಗಿಡಿ ಎಂದಿರುತ್ತಾರೆ. ಅವರ ಅಡುಗೆಮನೆ 24 ಡಿಗ್ರಿ, ನಿಮ್ಮದು ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ 30 ದಾಟಿದ್ದು. ಹುದುಗು ಗಡಿಯಾರ ನೋಡುವುದಿಲ್ಲ, ಸೆಕೆ ನೋಡುತ್ತದೆ. ನೀವು ಗಡಿಯಾರವನ್ನೇ ನೋಡಿ. ಹಿಟ್ಟು ಮುಚ್ಚಿಟ್ಟು ಒಂದು ಸಿನಿಮಾ ಮುಗಿಸಿಕೊಂಡು ಬನ್ನಿ. ಬರುವ ಹೊತ್ತಿಗೆ ಅದು ಉಬ್ಬಿ, ಇಳಿದು, ಕಟ್ಟೆಯ ಮೇಲೆ ಹರಿದು, ಸಿಂಕಿನ ದಾರಿ ಹಿಡಿದಿರುತ್ತದೆ. ಸಿಕ್ಕಷ್ಟು ಬಾಚಿ ಬುಟ್ಟಿಗೆ ಹಾಕಿ. ಬುಟ್ಟಿಗೆ ಮೊದಲು ಅಕ್ಕಿ ಹಿಟ್ಟು ಉದುರಿಸಿದರೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಉದುರಿಸಬೇಡಿ. ಬೆತ್ತದ ಸಂದಿಗಳಲ್ಲಿ ಒಣಗಿ ಕೂತ ಹಿಟ್ಟನ್ನು ಕಡ್ಡಿಯಲ್ಲಿ ಕೆರೆಯುವ ಕೆಲಸ ನಿಮ್ಮ ಒಂದು ಭಾನುವಾರವನ್ನು ತಿನ್ನುತ್ತದೆ, ಆದರೆ ಆ ದೃಶ್ಯಕ್ಕೆ ಸಿತಾರ್ ಸಂಗೀತ ಹಾಕಿದರೆ ‘ಧ್ಯಾನ’ ಎಂಬ ಹೆಸರಿನಲ್ಲಿ ಸಾವಿರಾರು ಜನ ನೋಡುತ್ತಾರೆ.

ಓಟಿಜಿಯಲ್ಲಿ ಕಡ್ಡಿಗಳು ಬ್ರೆಡ್ಡಿನ ನೆತ್ತಿಗೆ ತೀರ ಹತ್ತಿರ ಇರುವುದರಿಂದ ಮೇಲ್ಭಾಗ ಬೇಗ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಬ್ರೆಡ್ಡಿನ ನಡುಭಾಗ 96 ಡಿಗ್ರಿ ಮುಟ್ಟಿದರೆ ಬೆಂದಂತೆ. ಥರ್ಮಾಮೀಟರ್ ಚುಚ್ಚಿ ನೋಡುವ ಗೋಜಿಗೆ ಹೋಗಬೇಡಿ, ಮನಸ್ಸು ಕೆಡುತ್ತದೆ. ಆರುವ ಮೊದಲೇ ಕತ್ತರಿಸಿ. ಎರಡು ಗಂಟೆ ಆರಬಿಟ್ಟರೆ ಒಳಗಿನ ಪಿಷ್ಟ ಗಟ್ಟಿಯಾಗಿ ಹೋಳು ಚೆನ್ನಾಗಿ ಬರುತ್ತದೆ ಎಂಬುದು ಸರಿ, ಆದರೆ ಆರಿದ ಬ್ರೆಡ್ಡಿನಿಂದ ಹಬೆ ಏಳುವುದಿಲ್ಲ. ಚಾಕುವಿಗೆ ಗೋಂದಿನಂತೆ ಮೆತ್ತಿಕೊಂಡ ಭಾಗವನ್ನು ಫ್ರೇಮಿನಿಂದ ಹೊರಗಿಡಿ.

ಬಂದ ಫಲವನ್ನು ಎಂದೂ ಬೈಯಬೇಡಿ, ಅದಕ್ಕೆ ಹೆಸರು ಕೊಡಿ. ಮೇಲೆ ಕಪ್ಪಾಗಿದ್ದರೆ ‘ಬೋಲ್ಡ್ ಬೇಕ್’. ಒಳಗೆ ಹಸಿಯಿದ್ದರೆ ‘ಕಸ್ಟರ್ಡಿ ಕ್ರಂಬ್’. ಉಬ್ಬದೆ ಚಪ್ಪಟೆ ಬಿದ್ದಿದ್ದರೆ ‘ರಸ್ಟಿಕ್’. ಒಂದೇ ಕಡೆ ಬಿಲದಂಥ ತೂತು ಬಿದ್ದು ಉಳಿದ ಕಡೆ ಗಟ್ಟಿಯಾಗಿದ್ದರೆ ತೂತಿಗೆ ಕ್ಯಾಮೆರಾ ಹಿಡಿದು ‘ಓಪನ್ ಕ್ರಂಬ್’ ಎನ್ನಿ. ಹಲ್ಲು ಅಲುಗುವಷ್ಟು ಗಟ್ಟಿಯಾಗಿದ್ದರೆ ‘ಯುರೋಪಿಯನ್ ಸ್ಟೈಲ್’. ಯುರೋಪಿನವರು ದೂರು ಕೊಡಲು ಬರುವುದಿಲ್ಲ. ಇಷ್ಟೂ ಕೈಕೊಟ್ಟರೆ, ಮನೆಯವರೆಲ್ಲ ಮಲಗಿದ ಮೇಲೆ ಒಂದು ಚಿಟಿಕೆ ಇನ್‌ಸ್ಟಂಟ್ ಯೀಸ್ಟ್ ಸೇರಿಸಿ. ಇಂಗ್ಲೆಂಡಿನಲ್ಲಿ ರಿಯಲ್ ಬ್ರೆಡ್ ಕ್ಯಾಂಪೇನ್ ಎಂಬ ಸಂಘಟನೆ, ಯೀಸ್ಟ್ ಬೆರೆಸಿ ಸವರ್‌ಡೋ ಎಂದು ಮಾರುವವರ ಬೆನ್ನು ಹತ್ತಿದೆಯಂತೆ. ಇಂಗ್ಲೆಂಡ್ ದೂರವಿದೆ.

ಇನ್ನು ಫೋಟೊ. ಇದಕ್ಕೆ ನಾಲ್ಕು ಗಂಟೆ ಮೀಸಲಿಡಿ, ಬೇಕಿಂಗಿಗೆ ಮಿಕ್ಕಿದ್ದರಲ್ಲಿ ಹೊಂದಿಸಿಕೊಳ್ಳಿ. ಊಟದ ಟೇಬಲ್ಲಿನ ಮೇಲಿರುವ ಪ್ಲಾಸ್ಟಿಕ್ ಹೊದಿಕೆ, ಬಿಪಿ ಮಾತ್ರೆಯ ಡಬ್ಬಿ, ಉಪ್ಪಿನಕಾಯಿ ಜಾಡಿ ಎಲ್ಲ ತೆಗೆಯಿರಿ. ಹಳೆಯ ಬಾಗಿಲಿನ ಹಲಗೆಯೊಂದನ್ನು ಗುಜರಿಯಿಂದ ತಂದು ಹಾಸಿ. ಹಬೆ ಸಾಕಾಗದಿದ್ದರೆ ಬ್ರೆಡ್ಡಿನ ಹಿಂದೆ ಊದುಬತ್ತಿ ಹಚ್ಚಿಡಿ. ಎರಡು ಕಡ್ಡಿ ಸಾಕು. ಮೂರು ಹಚ್ಚಿದರೆ ಪೂಜೆಯಂತೆ ಕಾಣುತ್ತದೆ. ಫ್ಯಾನ್ ಆರಿಸಿ, ಹೊಗೆ ನೆಟ್ಟಗೆ ಏಳುವವರೆಗೆ ಉಸಿರು ಬಿಗಿಹಿಡಿದು ಕ್ಲಿಕ್ಕಿಸಿ. ಗಂಧದ ಊದುಬತ್ತಿಯಾದರೆ ಆ ಬ್ರೆಡ್ಡನ್ನು ಗಿರಾಕಿಗೆ ಕಳಿಸುವಾಗ ‘ಕರ್ನಾಟಕದ ಸೊಗಡು’ ಎಂದು ಚೀಟಿ ಅಂಟಿಸಿ. ಹಿಟ್ಟು ನಾದುವ ಕೈ ನಿಮ್ಮದಾಗಿರಬಾರದು, ಸುಕ್ಕುಗಟ್ಟಿದ, ಹಸಿರು ಬಳೆ ತೊಟ್ಟ ಕೈ ಬೇಕು. ಮನೆಯಲ್ಲಿ ಅಜ್ಜಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ಕರೆತನ್ನಿ, ಅವರಿಗೆ ಬ್ರೆಡ್ಡು ಕೊಡಬೇಡಿ, ಕಾಫಿ ಕೊಡಿ.

ಪತ್ರಿಕೆಗಳಿಗೆ ಟಿಪ್ಪಣಿ ಕಳಿಸುವಾಗ ಮೊದಲ ಸಾಲಿನಲ್ಲಿ ನೀವು ಬಿಟ್ಟ ಕೆಲಸ ಬರಲಿ. ‘ಸಾಫ್ಟ್‌ವೇರ್ ಬಿಟ್ಟು ಹಿಟ್ಟಿಗೆ ಕೈ ಹಾಕಿದ’ ಎಂದರೆ ಅರ್ಧ ಪುಟ ಗ್ಯಾರಂಟಿ. ಕೆಲಸ ಬಿಟ್ಟಿಲ್ಲದಿದ್ದರೆ ರಜೆ ಹಾಕಿದ್ದನ್ನೇ ಬಿಟ್ಟದ್ದು ಎಂದು ಬರೆಯಿರಿ. ಕೆಲಸದಿಂದ ತೆಗೆದಿದ್ದರೆ ಇನ್ನೂ ಒಳ್ಳೆಯದು, ‘ಮನಸ್ಸಿನ ಕರೆಗೆ ಓಗೊಟ್ಟು’ ಎನ್ನಿ. 2020ರ ಲಾಕ್‌ಡೌನ್ ಮರೆಯಬೇಡಿ, ಅಂಗಡಿಗಳಲ್ಲಿ ಯೀಸ್ಟ್ ಸಿಗದೆ ಜಗತ್ತೇ ಜಾಡಿಯಲ್ಲಿ ಹಿಟ್ಟು ಕಲಸಿಟ್ಟ ಕಾಲ ಅದು. ನೀವು ಆಗ ಅಕ್ಕಪಕ್ಕದವರಂತೆ ಡಾಲ್ಗೊನಾ ಕಾಫಿ ಕಡೆಯುತ್ತ ಕೂತಿದ್ದರೂ ಹುಳಿಹಿಟ್ಟನ್ನು ಆ ದಿನಗಳಿಗೇ ಹಿಂದಕ್ಕೆ ಸರಿಸಿ. ಕಳಿಸುವ ದಿನವನ್ನೂ ನೋಡಿ. ಅಕ್ಟೋಬರ್ 16 ವಿಶ್ವ ಬ್ರೆಡ್ ದಿನ, ಆ ವಾರ ಪುರವಣಿಯವರಿಗೆ ಬರಹ ಬೇಕಾಗಿರುತ್ತದೆ. ಮಾರ್ಚ್ 8ಕ್ಕೆ ನೀವು ಹೆಂಗಸಾಗಿದ್ದರೆ ನೀವೇ, ಗಂಡಸಾಗಿದ್ದರೆ ಹೆಂಡತಿಯ ಹೆಸರಿನಲ್ಲಿ ಕಳಿಸಿ. ನವೆಂಬರಿನಲ್ಲಿ ಬ್ರೆಡ್ಡಿನ ಮೇಲೆ ಅರಿಶಿನ ಕುಂಕುಮ ಬಣ್ಣ ಬಳಿದು ರಾಜ್ಯೋತ್ಸವ ಆಚರಿಸಿ. ಅಮೆರಿಕದಲ್ಲಿ ಸವರ್‌ಡೋ ದಿನ ಬರುವುದು ಏಪ್ರಿಲ್ 1ರಂದು. ಅದನ್ನು ಮಾತ್ರ ಆಚರಿಸಬೇಡಿ, ಜನ ತಪ್ಪು ತಿಳಿದಾರು.

ವರದಿಗಾರರು ಮನೆಗೇ ಬರುತ್ತೇವೆ ಎಂದರೆ ತಯಾರಿ ಮಾಡಿಕೊಳ್ಳಿ. ಅಪಾಯ ಇರುವುದು ಅಜ್ಜಿಯ ಬಾಯಲ್ಲಿ. ‘ಈ ವಿದ್ಯೆ ನೀವೇ ಕಲಿಸಿದ್ದಂತೆ ಅಜ್ಜಿ?’ ಎಂದು ಅವರು ಕೇಳುತ್ತಾರೆ. ‘ನಾನೇನು ಕಲಿಸ್ಲಪ್ಪ? ನಮ್ಮ ಕಾಲದಲ್ಲಿ ಕಲಸಿದ ಹಿಟ್ಟು ಹೀಗೆ ಹುಳಿ ಬಂದ್ರೆ ಎಮ್ಮೆಗೆ ಹಾಕ್ತಿದ್ವಿ’ ಎಂದು ಅಜ್ಜಿ ಉಳ್ಳದ್ದನ್ನು ಹೇಳಿಬಿಡುತ್ತಾರೆ. ಗಾಬರಿಯಾಗಬೇಡಿ. ‘ಏನನ್ನೂ ವ್ಯರ್ಥ ಮಾಡದ ಪರಂಪರೆ ನಮ್ಮದು, ಜಾನುವಾರುಗಳೂ ಅದರ ಭಾಗ’ ಎಂದು ತಕ್ಷಣ ಅನುವಾದಿಸಿ. ಮರುದಿನ ಅದೇ ತಲೆಬರಹವಾಗಿ ಬರುತ್ತದೆ. ವರದಿಗಾರರಿಗೆ ರುಚಿ ನೋಡಲು ಬ್ರೆಡ್ಡು ಕೊಡಲೇಬೇಕಾದರೆ ಹೋಳಿನ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಜೇನು, ಜೇನಿನ ಮೇಲೆ ಚಟ್ನಿಪುಡಿ ಹಾಕಿ ಕೊಡಿ. ನಾಲಿಗೆ ಬ್ರೆಡ್ಡಿನವರೆಗೆ ತಲುಪಬಾರದು.

ದಿನಾ ಚೆಲ್ಲುವ ಅರ್ಧ ಹಿಟ್ಟು ಒಂದು ಸಮಸ್ಯೆ. ಫ್ರಿಜ್ಜಿನಲ್ಲಿ ಡಬ್ಬಿ ಡಬ್ಬಿ ತುಂಬಿಡುತ್ತೀರಿ. ಒಂದು ದಿನ ಅತ್ತೆಯವರು ದೋಸೆ ಹಿಟ್ಟೆಂದು ತಿಳಿದು, ಒಂದು ಹಿಡಿ ಅಕ್ಕಿ ಹಿಟ್ಟು, ಹಸಿಮೆಣಸು, ಜೀರಿಗೆ ಸೇರಿಸಿ ಕಾವಲಿಗೆ ಹುಯ್ಯುತ್ತಾರೆ. ಅಂಚು ಗರಿಗರಿಯಾಗಿ, ನಡುವೆ ಹದವಾಗಿ, ಹುಳಿಹುಳಿಯಾಗಿ ಬಹಳ ಚೆನ್ನಾಗಿರುತ್ತದೆ. ಮಕ್ಕಳು ಇನ್ನೂ ಎರಡು ಕೇಳುತ್ತಾರೆ. ಈ ಸಂಗತಿ ಮನೆಯಿಂದ ಹೊರಗೆ ಹೋಗಬಾರದು. ಹುಳಿಹಿಟ್ಟಿನಿಂದ ಐದು ನಿಮಿಷದಲ್ಲಿ, ಐದು ರೂಪಾಯಿಯಲ್ಲಿ ರುಚಿಯಾದ ತಿಂಡಿ ಆಗುತ್ತದೆ ಎಂಬ ಸುದ್ದಿ ಹಬ್ಬಿದರೆ ನಿಮ್ಮ ಮುನ್ನೂರೈವತ್ತರ ಲೋಫನ್ನು ಮೂಸುವವರಿಲ್ಲ.

ಅಭಿಪ್ರಾಯಗಳನ್ನು ಸಂಗ್ರಹಿಸುವಾಗ ಬಂಧುಗಳನ್ನು ಒಂದೇ ರಾತ್ರಿ ಹಚ್ಚಬೇಡಿ. ಚಿಕ್ಕಪ್ಪ, ದೊಡ್ಡಮ್ಮ, ಶಿವಮೊಗ್ಗದ ಸೋದರಮಾವ ಎಲ್ಲರೂ ಹತ್ತು ನಿಮಿಷದ ಅಂತರದಲ್ಲಿ ಐದೈದು ನಕ್ಷತ್ರ ಕೊಟ್ಟು ‘ವೆರಿ ನೈಸ್ ಸರ್ವಿಸ್, ಪಾರ್ಕಿಂಗ್ ಅವೈಲಬಲ್’ ಎಂದು ಬರೆದರೆ ಯಾರಿಗಾದರೂ ಸಂಶಯ ಬರುತ್ತದೆ. ಅದರಲ್ಲೂ ನಿಮ್ಮ ಬೇಕರಿ ಮೂರನೆಯ ಮಹಡಿಯ ಅಡುಗೆಮನೆಯಲ್ಲಿದೆ. ವಾರಕ್ಕೆ ಇಬ್ಬರಂತೆ ಬರೆಸಿ, ಒಬ್ಬರಿಂದ ನಾಲ್ಕೇ ನಕ್ಷತ್ರ ಕೊಡಿಸಿ, ನಂಬಿಕೆ ಬರುತ್ತದೆ. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೂ ಐಎಸ್ 19000 ಎಂಬ ಮಾನಕ ತಂದಿತು; ತಂದಾಗ, ಪಾಲಿಸುವುದು ಸ್ವಯಂಪ್ರೇರಣೆಗೆ ಬಿಟ್ಟದ್ದು ಎಂದಿದ್ದರು. ನಿಮಗೆ ಪ್ರೇರಣೆ ಆಗುವವರೆಗೆ ಕಾಯಿರಿ.

ಇನ್‌ಫ್ಲುಯೆನ್ಸರುಗಳಿಗೆ ಹಣ ಕೊಡಬೇಡಿ, ಬ್ರೆಡ್ಡು ಕೊಡಿ. ಪುಕ್ಕಟೆ ಪದಾರ್ಥ ಪಡೆದು ಹೊಗಳಿದರೂ ‘ಇದು ಜಾಹೀರಾತು’ ಎಂದು ಮೊದಲೇ ಕಾಣುವಂತೆ ಹಾಕಬೇಕು ಎಂದು ಜಾಹೀರಾತು ಮಾನಕ ಮಂಡಳಿ 2021ರಿಂದ ಹೇಳುತ್ತಿದೆ. ಅದಕ್ಕೆ ಅವರಲ್ಲೇ ಪರಿಹಾರವಿದೆ. ಆ ಪದವನ್ನು ಮೂವತ್ತು ಹ್ಯಾಷ್‌ಟ್ಯಾಗುಗಳ ನಡುವೆ, ‘ಬೆಂಗಳೂರು ಮಳೆ’ಗೂ ‘ಸೋಮವಾರದ ಸ್ಫೂರ್ತಿ’ಗೂ ಮಧ್ಯೆ ಕೂರಿಸುತ್ತಾರೆ. ಹೀಗೆ ಬಚ್ಚಿಡಬಾರದೆಂದೂ ನಿಯಮದಲ್ಲಿದೆ, ಆದರೆ ನಿಯಮದ ಅಷ್ಟು ಕೆಳಗಿನವರೆಗೆ ಓದಿದವರು ಇನ್‌ಫ್ಲುಯೆನ್ಸರ್ ಆಗಿರುವುದಿಲ್ಲ.

ಆರೋಗ್ಯದ ಮಾತು ಆಡುವಾಗ ಜಾಣತನ ಇರಲಿ. ಗ್ಲುಟನ್ ಇಲ್ಲ ಎಂದು ಎಂದೂ ಬರೆಯಬೇಡಿ. ಗೋಧಿಯ ಸವರ್‌ಡೋದಲ್ಲಿ ಅದು ಇದ್ದೇ ಇರುತ್ತದೆ. ಸೀಲಿಯಾಕ್ ಕಾಯಿಲೆಯವರು ನಂಬಿ ತಿಂದರೆ ಅವರ ಕರುಳಿಗೂ ಪೆಟ್ಟು, ನಿಮಗೂ ನೋಟಿಸು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಆದ್ದರಿಂದ ಅಳೆಯಲಾಗದ ಮಾತು ಆರಿಸಿಕೊಳ್ಳಿ. ‘ಹೊಟ್ಟೆಗೆ ಹಗುರ’, ‘ದೇಹಕ್ಕೆ ಗೊತ್ತಾಗುತ್ತದೆ’. ದೇಹಕ್ಕೆ ಗೊತ್ತಾಗುವುದಂತೂ ಖಂಡಿತ.

ವಾರಕ್ಕೆ ಒಂದೇ ದಿನ, ಸೋಮವಾರ ಬೆಳಗ್ಗೆ ಹತ್ತಕ್ಕೆ ಆರ್ಡರ್ ತೆರೆಯಿರಿ. ಹತ್ತೂ ಎರಡಕ್ಕೆ ‘ಸೋಲ್ಡ್ ಔಟ್’ ಹಾಕಿ. ಇದ್ದದ್ದು ನಾಲ್ಕೇ ಬ್ರೆಡ್ಡು, ಅದರಲ್ಲಿ ಎರಡು ನಿಮ್ಮ ತಮ್ಮನೇ ಕೊಂಡದ್ದು, ಓಟಿಜಿಯಲ್ಲಿ ಒಂದು ಸಲಕ್ಕೆ ಒಂದೇ ಹಿಡಿಸುವುದು ಎಂಬುದೆಲ್ಲ ಒಳಮನೆಯ ವಿಷಯ. ಮುಕ್ಕಾಲು ಗಂಟೆ ಉರಿದ ಓಟಿಜಿಯ ಕರೆಂಟ್ ಬಿಲ್ಲನ್ನೂ ಒಳಮನೆಯಲ್ಲೇ ಇಡಿ.

ಆರು ತಿಂಗಳೊಳಗೆ ಪ್ರಶಸ್ತಿ ಪಡೆಯಿರಿ. ಕೊಡುವವರು ಬೇಕಾದಷ್ಟಿದ್ದಾರೆ, ಫೋನು ಅವರೇ ಮಾಡುತ್ತಾರೆ. ‘ವರ್ಷದ ಉದ್ಯಮಿ’ಗೆ ನಿಮ್ಮ ಹೆಸರು ಬಂದಿದೆ, ನೋಂದಣಿ ಶುಲ್ಕ ಇಷ್ಟು, ಸಭಾಂಗಣದಲ್ಲಿ ನಿಮ್ಮ ಕಡೆಯವರ ಊಟ ತಲೆಗೆ ಇಷ್ಟು ಎನ್ನುತ್ತಾರೆ. ಚೌಕಾಸಿ ಮಾಡಿ, ಅರ್ಧಕ್ಕೆ ಇಳಿಯುತ್ತದೆ. ವೇದಿಕೆಯಲ್ಲಿ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಬಣ್ಣದ ಹಾಳೆ ಸುತ್ತಿದ ಆ ಬುಟ್ಟಿಯನ್ನು ಇಳಿದ ಕೂಡಲೇ ಬಾಗಿಲ ಬಳಿ ನಿಂತ ಹುಡುಗನಿಗೆ ವಾಪಸ್ ಕೊಡಿ, ನಿಮ್ಮ ನಂತರ ಇನ್ನೂ ಅರವತ್ತು ಉದ್ಯಮಿಗಳು ಇದ್ದಾರೆ. ಮಂತ್ರಿಗಳು ತಡವಾಗಿ ಬಂದು ಎಲ್ಲರ ಜೊತೆ ಒಂದೇ ಗುಂಪು ಫೋಟೊ ತೆಗೆಸಿಕೊಂಡರೆ ಚಿಂತೆಯಿಲ್ಲ. ನಿಮ್ಮಿಬ್ಬರನ್ನು ಬಿಟ್ಟು ಉಳಿದವರನ್ನು ಕತ್ತರಿಸಿ ಹಾಕಿಕೊಳ್ಳಿ. ಪಕ್ಕದವರ ಮೊಣಕೈ ಉಳಿದರೆ ಉಳಿಯಲಿ.

ಈ ಹೊತ್ತಿಗೆ ಗಿರಾಕಿಗಳು ಎರಡನೆಯ ಸಲ ಬರುತ್ತಿಲ್ಲ ಎಂಬುದು ನಿಮ್ಮ ಗಮನಕ್ಕೆ ಬಂದಿರುತ್ತದೆ. ಬರಬೇಕಾಗಿಯೂ ಇಲ್ಲ. ಮಾರುವುದನ್ನು ನಿಲ್ಲಿಸಿ, ಕಲಿಸುವುದನ್ನು ಶುರುಮಾಡಿ. ಪತ್ರಿಕೆಯ ತುಣುಕು, ಶಾಲು ಹೊದ್ದ ಫೋಟೊ, 14 ಅಂಕಿಯ ಚೌಕಟ್ಟು, ಮೂರೂ ಒಂದೇ ಗೋಡೆಯ ಮೇಲಿರಲಿ. ತಲೆಗೆ ಎರಡೂವರೆ ಸಾವಿರ, ಶನಿವಾರ ಇಡೀ ದಿನದ ಶಿಬಿರ. ಮನೆಗೆ ಹೋಗುವಾಗ ಪ್ರತಿಯೊಬ್ಬರಿಗೂ ಒಂದು ಪುಟ್ಟ ಬಾಟಲಿಯಲ್ಲಿ ಸ್ಟಾರ್ಟರ್ ಕೊಡಿ, ಅದೇ ನೀವು ದಿನಾ ಚೆಲ್ಲುತ್ತಿದ್ದದ್ದು. ಬಾಟಲಿಗೆ ಬೇರೆಯಾಗಿ ಇನ್ನೂರು ಹಾಕಿ. ಒಂದು ತಂಡಕ್ಕೆ ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ, ನಿಮ್ಮಲ್ಲಿರುವುದು ಹನ್ನೆರಡೇ ಕುರ್ಚಿ. ಕಟ್ಟಿದ ಹಣ ವಾಪಸ್ ಇಲ್ಲ ಎಂದು ರಸೀದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಮಧ್ಯಾಹ್ನಕ್ಕೆ ಮಾತ್ರ ಹತ್ತಿರದ ದರ್ಶಿನಿಯಿಂದ ಬಿಸಿಬೇಳೆಬಾತ್ ಹೇಳಿಡಿ, ಬೂಂದಿ ಜಾಸ್ತಿ ಹಾಕಿಸಿ. ಹಸಿದ ಹೊಟ್ಟೆಯವರಿಗೆ ನಿಮ್ಮ ಬ್ರೆಡ್ಡು ಬಡಿಸಿದರೆ ರಸೀದಿಯ ದಪ್ಪಕ್ಷರ ಯಾರ ಕಣ್ಣಿಗೂ ಕಾಣುವುದಿಲ್ಲ.